ಆಬರ್ನ್ ತಂಡದ 2013: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅಮೆರಿಕದ ಕಾಲೇಜು ಫುಟ್‌ಬಾಲ್, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆ ಆಟ, ನೋಡಬೇಕೆಂದಿದ್ದೇನೆ, ಯಾವ ತಂಡದಿಂದ ಶುರು ಮಾಡಲಿ ಎಂದು ಕೇಳಿದ್ದೀಯ. ಹಿಂದುಮುಂದು ನೋಡದೆ ಹೇಳುತ್ತೇನೆ: ಆಬರ್ನ್ ವಿಶ್ವವಿದ್ಯಾಲಯದ 2013ರ ತಂಡ. ಅವರು ಚಾಂಪಿಯನ್ ಆಗಲಿಲ್ಲ. ಆದರೂ ಪ್ರಶಸ್ತಿ ಎತ್ತಿದ ಎಷ್ಟೋ ತಂಡಗಳಿಗಿಂತ ಇವರೇ ನನಗೆ ದೊಡ್ಡವರು.

2010ರಲ್ಲಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದ ಈ ತಂಡ 2012ರಲ್ಲಿ ನೆಲಕಚ್ಚಿತ್ತು. 12 ಪಂದ್ಯಗಳಲ್ಲಿ ಗೆದ್ದದ್ದು ಮೂರೇ. ತಮ್ಮದೇ ರಾಜ್ಯದ ಬದ್ಧ ಎದುರಾಳಿ ಅಲಬಾಮ ವಿಶ್ವವಿದ್ಯಾಲಯದ ತಂಡ 49-0 ಅಂತರದಿಂದ ಬಡಿದು ಹಾಕಿತ್ತು. ಕೋಚ್ ಹುದ್ದೆ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು ಗಸ್ ಮಾಲ್ಜಾನ್. ಅವರು ಕ್ವಾರ್ಟರ್‌ಬ್ಯಾಕ್ (ದಾಳಿಯನ್ನು ನಡೆಸುವ, ಚೆಂಡು ಎಸೆಯುವ ಆಟಗಾರ) ಜಾಗದಲ್ಲಿ ನಿಲ್ಲಿಸಿದ ನಿಕ್ ಮಾರ್ಷಲ್, ಮೊದಲು ಜಾರ್ಜಿಯಾ ತಂಡದಲ್ಲಿ ರಕ್ಷಣಾ ವಿಭಾಗದಲ್ಲಿದ್ದ ಹುಡುಗ!

ಇವರ ಆಟದ ಜೀವಾಳ ಒಂದೇ ಕ್ಷಣದಲ್ಲಿದೆ, ಅದನ್ನು ಕಣ್ಣಿಟ್ಟು ನೋಡು. ಮಾರ್ಷಲ್ ಚೆಂಡನ್ನು ತಂಡದ ಮುಖ್ಯ ಓಟಗಾರ ಟ್ರೇ ಮೇಸನ್‌ನ ಹೊಟ್ಟೆಗೆ ಒತ್ತುತ್ತಾನೆ, ಆದರೆ ಕೈಬಿಡುವುದಿಲ್ಲ. ಎದುರಿನ ಒಬ್ಬ ರಕ್ಷಕನನ್ನು ಬೇಕೆಂದೇ ತಡೆಯದೆ ಬಿಟ್ಟಿರುತ್ತಾರೆ. ಅವನು ಮೇಸನ್ ಕಡೆ ವಾಲಿದರೆ ಮಾರ್ಷಲ್ ಚೆಂಡನ್ನು ಎಳೆದುಕೊಂಡು ತಾನೇ ಓಡುತ್ತಾನೆ. ಅಲ್ಲೇ ನಿಂತರೆ ಚೆಂಡು ಮೇಸನ್‌ಗೆ. ಆ ರಕ್ಷಕ ಏನು ಮಾಡಿದರೂ ತಪ್ಪೇ.

ಸೆಪ್ಟೆಂಬರ್‌ನಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯ) ಎದುರು ಸೋತರು. ಆಮೇಲೆ ಸೋಲಿನ ಸುಳಿವೇ ಇಲ್ಲ. ನವೆಂಬರ್ 16ರಂದು ಜಾರ್ಜಿಯಾ ಎದುರು 20 ಅಂಕಗಳ ಮುನ್ನಡೆ ಕರಗಿ, ಒಂದು ಅಂಕ ಹಿಂದೆ ಬಿದ್ದಿದ್ದರು. ಚೆಂಡನ್ನು ತಮ್ಮ ಬಳಿ ಉಳಿಸಿಕೊಳ್ಳಲು ಕೊನೆಯ ಯತ್ನ, 18 ಗಜ ಮುಂದೆ ಸಾಗಬೇಕು, ಉಳಿದದ್ದು 36 ಸೆಕೆಂಡು. ಮಾರ್ಷಲ್ ದೂರಕ್ಕೆ ಎಸೆದ ಚೆಂಡಿಗೆ ಎದುರಾಳಿಗಳಿಬ್ಬರು ಒಟ್ಟಿಗೆ ಹಾರಿದರು, ಅದು ಅವರಿಗೆ ತಗುಲಿ ಪುಟಿದು ಓಡುತ್ತಿದ್ದ ರಿಕಾರ್ಡೊ ಲೂಯಿಸ್‌ನ ಕೈಗೆ ಬಿತ್ತು. 73 ಗಜಗಳ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಆರು ಅಂಕ. ಇದು ಅದೃಷ್ಟವೇ, ನಾನು ಬೇರೆ ಹೆಸರು ಕೊಡುವುದಿಲ್ಲ.

ಆದರೆ ನವೆಂಬರ್ 30ರಂದು ಅಲಬಾಮ ಎದುರು ನಡೆದದ್ದನ್ನು ಅದೃಷ್ಟ ಎಂದವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ಅಲಬಾಮ ಆಗ ದೇಶದ ನಂಬರ್ ಒನ್, ಹಿಂದಿನ ಎರಡೂ ವರ್ಷಗಳ ಚಾಂಪಿಯನ್. ಇನ್ನು 32 ಸೆಕೆಂಡು ಇರುವಾಗ ಮಾರ್ಷಲ್ ಓಡಲು ಹೊರಟ. ತಡೆಯಲು ರಕ್ಷಕ ಮುಂದೆ ನುಗ್ಗಿದ ಕೂಡಲೇ ಅವನ ಹಿಂದೆ ಒಂಟಿಯಾಗಿದ್ದ ಸ್ಯಾಮಿ ಕೋಟ್ಸ್‌ಗೆ ಚೆಂಡು ಎಸೆದ. 28-28. ಋತುವಿಡೀ ಕಲಿಸಿದ ಪಾಠವೇ ಅಲ್ಲಿ ಫಲ ಕೊಟ್ಟದ್ದು. ಸಮಯ ಮುಗಿಯಿತು ಎನ್ನುವಾಗ ಅಲಬಾಮದ ಕೋಚ್ ನಿಕ್ ಸೇಬನ್ ವಾದಿಸಿ, ಮರುಪರಿಶೀಲನೆಯಲ್ಲಿ ಒಂದು ಸೆಕೆಂಡನ್ನು ಮರಳಿ ಪಡೆದರು. 57 ಗಜಗಳ ಫೀಲ್ಡ್ ಗೋಲ್ ಯತ್ನ, ಅಂದರೆ ಚೆಂಡನ್ನು ಗೋಲ್ ಕಂಬಗಳ ನಡುವೆ ಒದ್ದು ಮೂರು ಅಂಕ ಗಳಿಸುವ ಪ್ರಯತ್ನ. ಒದ್ದ ಚೆಂಡು ಗುರಿ ಮುಟ್ಟದೆ ಬಿದ್ದರೆ ಎದುರಾಳಿ ಅದನ್ನು ಹಿಡಿದು ಓಡಬಹುದು ಎಂಬುದು ನಿಯಮ. ಅದಕ್ಕೆಂದೇ ಗೋಲ್ ಕಂಬದ ಕೆಳಗೆ ಕ್ರಿಸ್ ಡೇವಿಸ್‌ನನ್ನು ನಿಲ್ಲಿಸಿದ್ದರು. ಒದೆಯುವವನನ್ನು ಕಾಯಲು ಅಲಬಾಮ ಇಳಿಸಿದ್ದು ಬಹುಪಾಲು ದೈತ್ಯದೇಹಿಗಳನ್ನು. ಓಡುವವನನ್ನು ಬೆನ್ನಟ್ಟಲು ಅವರ ಕೈಲಾಗುವುದಿಲ್ಲ. ಡೇವಿಸ್ ಚೆಂಡು ಹಿಡಿದ, ಎಡಗಡೆಯ ಗೆರೆಗೆ ಅಂಟಿಕೊಂಡಂತೆ ಇಡೀ ಮೈದಾನ ಓಡಿದ. 34-28. ಗಡಿಯಾರದಲ್ಲಿ ಸೊನ್ನೆ.

ಮುಂದಿನ ವಾರ ತಮ್ಮ ಲೀಗಿನ ಪ್ರಶಸ್ತಿ ಪಂದ್ಯದಲ್ಲಿ ಮಿಸೌರಿಯನ್ನು 59-42ರಿಂದ ಮಣಿಸಿದರು. ಮೇಸನ್ ಒಬ್ಬನೇ 304 ಗಜ ಓಡಿದ.

ರಾಷ್ಟ್ರೀಯ ಪ್ರಶಸ್ತಿಯ ಅಂತಿಮ ಪಂದ್ಯ 2014ರ ಜನವರಿ 6ರಂದು, ಪ್ಯಾಸಡೀನಾದ ರೋಸ್ ಬೌಲ್ ಮೈದಾನದಲ್ಲಿ, ಫ್ಲಾರಿಡಾ ಸ್ಟೇಟ್ ಎದುರು. 21-3ರಿಂದ ಮುಂದಿದ್ದರು. ಕೊನೆಗೆ 13 ಸೆಕೆಂಡು ಇರುವಾಗ ಫ್ಲಾರಿಡಾ ಸ್ಟೇಟ್‌ನ ಕೆಲ್ವಿನ್ ಬೆಂಜಮಿನ್ ಎತ್ತರಕ್ಕೆ ಜಿಗಿದು ಚೆಂಡು ಹಿಡಿದ. 34-31, ಎಲ್ಲ ಮುಗಿಯಿತು. ಅವನನ್ನು ಕಾಯುತ್ತಿದ್ದವನು ಯಾರು ಗೊತ್ತೇ? ಅದೇ ಡೇವಿಸ್. ಅದಕ್ಕೆ ಸ್ವಲ್ಪ ಮೊದಲು ನಿಯಮ ಮೀರಿ ತಡೆದದ್ದಕ್ಕೆ ದಂಡ ಬಿದ್ದದ್ದೂ ಅವನಿಗೇ. ಬೆಂಜಮಿನ್ ಅವನಿಗಿಂತ ಅರ್ಧ ಅಡಿಯಷ್ಟಾದರೂ ಎತ್ತರದವನು. ಅಂಥವನೆದುರು, ಅಂಥ ಹೊತ್ತಿನಲ್ಲಿ, ತಂಡ ನಂಬಿ ನಿಲ್ಲಿಸಿದ್ದು ಇವನನ್ನು. ಅಲಬಾಮ ಎದುರಿನ ಆ ಓಟವನ್ನು ಮಾತ್ರ ಮತ್ತೆ ಮತ್ತೆ ತೋರಿಸುವವರ ಮೇಲೆ ನನಗೆ ಸಿಟ್ಟಿದೆ. ಈ ಪಂದ್ಯದಲ್ಲಿ ಡೇವಿಸ್ ಆಡಿದ್ದನ್ನು ನೋಡದೆ ಆ ಓಟದ ಬೆಲೆ ತಿಳಿಯುವುದಿಲ್ಲ.

ಆದ್ದರಿಂದ ತುಣುಕುಗಳನ್ನು ನೋಡಿ ಬಿಡಬೇಡ. ಅಲಬಾಮ ಪಂದ್ಯವನ್ನೂ ಅಂತಿಮ ಪಂದ್ಯವನ್ನೂ ಪೂರ್ತಿ ನೋಡು, ಅದೇ ಕ್ರಮದಲ್ಲಿ. ನೋಡಿ ಮುಗಿಸಿದ ದಿನವೇ ಬರೆ, ಕಾಯುತ್ತಿರುತ್ತೇನೆ.

ನಿನ್ನ ಗೆಳೆಯ