ಮರಳಿಗೆ ಇಳಿಯಬೇಡ

ಪುಟ್ಟಿ,

ಫ್ರಾನ್ಸಿನಲ್ಲಿ ನೀನೊಬ್ಬಳೇ ಸೈಕಲ್ಲಿನಲ್ಲಿ ಹೊರಡುವ ವಿಷಯಕ್ಕೆ ಭಾನುವಾರ ಫೋನಿನಲ್ಲಿ ಆಗಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಆ ಕೊನೆಯ ಮಾತೊಂದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಊರಿಗೆ ಬರಲು ಎತ್ತಿಟ್ಟಿದ್ದ ದುಡ್ಡಿನಲ್ಲಿ ಸೆಕೆಂಡ್ ಹ್ಯಾಂಡ್ ಸೈಕಲ್ಲು, ಟೆಂಟು ಬಂದಾಯಿತು. ಗೃಹಪ್ರವೇಶಕ್ಕೆ ನೀನು ಬರುವುದಿಲ್ಲ ಅಂತ ಚಿಕ್ಕಮ್ಮನಿಗೆ ನಾನೇ ಹೇಳಿದ್ದೇನೆ. ಮತ್ತೆ ಫೋನ್ ಮಾಡಿದರೆ ಮಾತಿಗೆ ಮಾತು ಬೆಳೆಯುತ್ತದೆ. ಅದಕ್ಕೇ ಹಾಳೆಯಲ್ಲಿ ಬರೆದು ಫೋಟೊ ತೆಗೆದು ಕಳಿಸುತ್ತಿದ್ದೇನೆ.

ನಿಮ್ಮಪ್ಪ ಮೂರು ಹೊತ್ತೂ ಲ್ಯಾಪ್‌ಟಾಪಿನಲ್ಲಿ ನಿನ್ನ ದಾರಿ ಹಾಕಿಕೊಂಡು ಕೂತಿರುತ್ತಾರೆ. ಓರ್ಲಿಯಾನ್‌ನಿಂದ ನಾಂತ್‌ನ ನಿನ್ನ ರೂಮಿನವರೆಗೆ ಸುಮಾರು 400 ಕಿಲೋಮೀಟರ್ ಅಂತೆ. ಲ್ವಾರ್ ಹೊಳೆಯ ಪಕ್ಕದ ಪೂರ್ತಿ ಸೈಕಲ್ ದಾರಿ 900, ನೆವೆರ್ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ. "ಅರ್ಧ ಕೂಡ ಅಲ್ಲ, ಹತ್ತು ದಿನಕ್ಕೆ ಹಂಚಿದರೆ ದಿನಕ್ಕೆ ನಲವತ್ತು, ಅಷ್ಟೇ" ಅಂತಾರೆ. ಮೈಸೂರಿಂದ ನರಸೀಪುರಕ್ಕೆ ಕಾರಿನಲ್ಲಿ ಹೋಗುವಾಗಲೂ ನಡುವೆ ಎರಡು ಸಲ ಟೀ ಬೇಕು ಈ ಮನುಷ್ಯನಿಗೆ. ಗಾಳಿ ಬಗ್ಗೆ ಮಾತ್ರ ಅವರು ಹೇಳಿದ್ದು ಸರಿ ಅನ್ನಿಸಿತು. ಅಲ್ಲಿ ಗಾಳಿ ಜಾಸ್ತಿ ಸಮುದ್ರದ ಕಡೆಯಿಂದಲೇ ಬೀಸುತ್ತದಂತೆ, ನೀನು ಅದಕ್ಕೆ ಎದುರಾಗಿ ತುಳಿಯುತ್ತೀಯ. ನಾಂತ್‌ನಿಂದ ಹೊರಟು ರೈಲಿನಲ್ಲಿ ವಾಪಸ್ ಬಂದಿದ್ದರೆ ಗಾಳಿ ಬೆನ್ನಿಗಿರುತ್ತಿತ್ತು. ಹೋಗಲಿ, ಅದು ನಿನ್ನ ಕಾಲು, ನಿನ್ನ ಇಷ್ಟ.

ನಾನು ಬರೆಯಲು ಕೂತಿದ್ದು ಒಂದೇ ವಿಷಯಕ್ಕೆ. ಹೊಳೆಗೆ ಇಳಿಯಬೇಡ.

ನಗಬೇಡ. ನೀನು ಕಳಿಸಿದ ಫೋಟೊ ನೋಡಿದೆ. ಬೆಳ್ಳಗಿನ ಮರಳ ದಿಬ್ಬ, ಅದರ ನಡುವೆ ಪಾದ ಮುಳುಗುವಷ್ಟು ನೀರು. ಬೇಸಿಗೆಯ ಕಾವೇರಿ ಹಾಗೇ ಇದೆ. ಅದಕ್ಕೇ ನನಗೆ ಹೆದರಿಕೆ. ತುಂಬಿ ಹರಿಯುವ ಹೊಳೆ ಯಾರನ್ನೂ ಕರೆಯುವುದಿಲ್ಲ, ನೋಡಿದರೇ ಎದೆ ಝಲ್ಲೆನ್ನುತ್ತದೆ. ಹೀಗೆ ತೆಳ್ಳಗೆ ಮಲಗಿರುವುದೇ ಕರೆಯುವುದು.

ನಾನಾಗ ಏಳನೇ ಕ್ಲಾಸು. ಬೇಸಿಗೆ ರಜ. ಕಾವೇರಿ, ಕಪಿಲೆ ಸೇರುವ ಜಾಗಕ್ಕಿಂತ ಸ್ವಲ್ಪ ಕೆಳಗೆ ಸೋದರತ್ತೆ ಬಟ್ಟೆ ಒಗೆಯುತ್ತಿದ್ದಳು. ನಾನು ಸುಮ್ನೆ ನೀರಿನಲ್ಲಿ ನಡೆಯುತ್ತಿದ್ದೆ. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ತಳದ ಮರಳಿನಲ್ಲಿ ಎದ್ದಿದ್ದ ಗೆರೆ ಕೂಡ ಕಾಣುತ್ತಿತ್ತು, ಗೆರೆಯ ಪಕ್ಕದಲ್ಲೇ ಸಣ್ಣ ಮೀನು. ಅದನ್ನು ನೋಡುತ್ತಾ ಇನ್ನೊಂದು ಹೆಜ್ಜೆ ಇಟ್ಟೆ. ಅಲ್ಲಿ ನೆಲವೇ ಇರಲಿಲ್ಲ. ಕೂಗಲೂ ಆಗಲಿಲ್ಲ, ಬಾಯಿ ತುಂಬ ನೀರು. ಆಮೇಲೆ ತಲೆಯ ಬುರುಡೆ ಕಿತ್ತು ಬಂದ ಹಾಗಾಯಿತು. ಅತ್ತೆ ಜಡೆ ಹಿಡಿದು ಎಳೆದಿದ್ದಳು. ದಡಕ್ಕೆ ಹಾಕಿ, ಕೈಯಲ್ಲಿದ್ದ ಒದ್ದೆ ಪಂಚೆಯಲ್ಲೇ ಎರಡು ಬಾರಿಸಿದಳು. ಕೆಂಪು ರಿಬ್ಬನ್ನು ಅವಳ ಬೆರಳಿಗೆ ಸುತ್ತಿಕೊಂಡೇ ಇತ್ತು.

ನೀನು ಕೂದಲು ಕತ್ತರಿಸಿಕೊಂಡಿದ್ದೀಯ. ನಾನು ಅದಕ್ಕೆ ಅಷ್ಟು ರೇಗಿದ್ದು ಚೆಂದಕ್ಕಲ್ಲ, ಈಗ ಹೇಳುತ್ತಿದ್ದೇನೆ. ಹಿಡಿಯಲು ಜಡೆ ಇಲ್ಲ, ಹಿಡಿಯಲು ಅಲ್ಲಿ ಅತ್ತೆಯೂ ಇಲ್ಲ.

ಲ್ವಾರ್‌ನಲ್ಲೂ ಇದೇ ಕಥೆಯಂತೆ. ಮರಳು ಒಂದು ಕಡೆ ನಿಲ್ಲುವುದಿಲ್ಲ, ನೀರು ಅಡಿಯಿಂದ ಕೊರೆಯುತ್ತದೆ, ದಿಬ್ಬದ ಅಂಚು ಇದ್ದಕ್ಕಿದ್ದ ಹಾಗೆ ಕುಸಿಯುತ್ತದೆ. ಹಾಗಾಗಿ ಅಲ್ಲಿ ಸಾಮಾನ್ಯವಾಗಿ ಈಜುವುದಕ್ಕೆ ಬಿಡುವುದೇ ಇಲ್ಲ. ಇನ್ನೂ ಒಂದಿದೆ. ಆ ಮರಳ ದ್ವೀಪಗಳ ಮೇಲೆ ಟರ್ನ್ ಹಕ್ಕಿ ಮೊಟ್ಟೆ ಇಡುತ್ತದೆ. ರಂಗನತಿಟ್ಟಿನಲ್ಲಿ ದೋಣಿಯವನು ನಿನಗೆ ತೋರಿಸಿದ್ದ ಹಕ್ಕಿಯ ಜಾತಿಯದೇ. ಗೂಡು ಅಂತ ಕಟ್ಟುವುದಿಲ್ಲ, ಬರೀ ಮರಳಿನ ಮೇಲೇ ಮೊಟ್ಟೆ. ಕೆಲವು ದ್ವೀಪಗಳಿಗೆ ಈ ಕಾಲದಲ್ಲಿ ಕಾಲಿಡುವಂತೆಯೇ ಇಲ್ಲ. ನನ್ನ ಮಾತಿಗೆ ಬೇಡ, ಆ ಹಕ್ಕಿಗಾದರೂ ಇಳಿಯಬೇಡ.

ಸಾಕು. ಬೇರೆ ಬರೆಯುತ್ತೇನೆ.

ಶಾಂಬೋರ್ ಅರಮನೆಗೆ ದಾರಿ ಸ್ವಲ್ಪ ಬಳಸಬೇಕಂತೆ, ಬಳಸಿ ಹೋಗು. 1519ರಲ್ಲಿ ಕಟ್ಟಲು ಶುರು ಮಾಡಿದ್ದು. ಅದರ ನಡುವೆ ಒಂದಕ್ಕೊಂದು ಹೆಣೆದುಕೊಂಡ ಎರಡು ಮೆಟ್ಟಿಲ ಸಾಲು. ಒಬ್ಬರು ಹತ್ತುತ್ತಾರೆ, ಒಬ್ಬರು ಇಳಿಯುತ್ತಾರೆ, ಕಿಂಡಿಯಲ್ಲಿ ಮುಖ ಕಾಣುತ್ತದೆ, ಆದರೆ ಎದುರಾಗುವುದಿಲ್ಲ. ಅಪ್ಪ ಇದನ್ನು ಜೋರಾಗಿ ಓದಿ ನನ್ನ ಕಡೆ ನೋಡಿ ನಕ್ಕರು. ಯಾಕೆ ಅಂತ ನಾನು ಕೇಳಲಿಲ್ಲ.

ಆಂಬ್ವಾಜ್ ದಾಟಿದ ಮೇಲೆ ದ್ರಾಕ್ಷಿ ತೋಟ ಶುರುವಾಗುತ್ತದಲ್ಲ, ಅದರ ಫೋಟೊ ಕಳಿಸು. ದೇವನಹಳ್ಳಿ ಕಡೆಯ ಹಾಗೆ ಚಪ್ಪರ ಇಲ್ಲ, ಸೊಂಟದೆತ್ತರದ ಸಾಲು, ತಂತಿಗೆ ಕಟ್ಟಿ ಬೆಳೆಸುತ್ತಾರಂತೆ. ಅರಮನೆ ಕಟ್ಟಲು ಗುಡ್ಡದಿಂದ ಮೆತ್ತನೆಯ ಬಿಳಿ ಕಲ್ಲು ಕಡಿದರು, ಕಡಿದ ಗುಹೆಯಲ್ಲಿ ಈಗ ವೈನ್ ಇಡುತ್ತಾರೆ, ಅಣಬೆ ಬೆಳೆಯುತ್ತಾರೆ. ಈ ಬುದ್ಧಿ ನನಗೆ ಹಿಡಿಸಿತು. ತೋಡಿದ ಗುಂಡಿಯನ್ನು ಅವರು ಸುಮ್ನೆ ಬಿಟ್ಟಿಲ್ಲ. ನಮ್ಮ ಹೊಳೆಯಲ್ಲಿ ಮರಳು ಎತ್ತಿದ ಗುಂಡಿಗಳನ್ನು ಹಾಗೇ ಬಿಟ್ಟು ಹೋಗುತ್ತಾರೆ. ನೋಡು, ಮತ್ತೆ ಅಲ್ಲಿಗೇ ಬಂದೆ.

ವೈನ್ ಕುಡಿಯಬೇಡ ಅಂತ ಹೇಳುವುದಿಲ್ಲ. ಹೇಳಿದರೆ ಕೇಳುವ ವಯಸ್ಸು ನಿನ್ನದಲ್ಲ. ತೂರ್‌ಗೆ ಮುಂಚೆ ಎದುರು ದಡದಲ್ಲಿ ವೂವ್ರೆ, ಆಮೇಲೆ ಶಿನೋಂ, ಸೋಮೂರ್, ಎಲ್ಲಾ ಕಡೆ ರುಚಿ ನೋಡಿ ಅಂತ ಕರೆಯುತ್ತಾರಂತೆ. ಕುಡಿಯುವುದಾದರೆ ಆ ದಿನದ ಸೈಕಲ್ ನಿಲ್ಲಿಸಿದ ಮೇಲೆ. ಅಲ್ಲಿ ಕಾರಿನವರಿಗಿರುವ, ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯದ ಮಿತಿ ಸೈಕಲ್ಲಿನವರಿಗೂ ಇದೆ. ಮತ್ತೆ, ಬಲಗಡೆ ಹೋಗು. ಗೊತ್ತು, ನಿನಗೆ ಗೊತ್ತು. ಆದರೆ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಖಾಲಿ ರಸ್ತೆಗೆ ಇಳಿದಾಗ ಕೈ ತಾನೇ ಎಡಕ್ಕೆ ಎಳೆಯುತ್ತದೆ, ಚಿಕ್ಕಂದಿನ ಅಭ್ಯಾಸ. ಬೋರ್ಡಿಲ್ಲದ ಕೂಡು ರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ದಾರಿ. ಹೆಲ್ಮೆಟ್ ಅಲ್ಲಿ 12 ವರ್ಷದೊಳಗಿನವರಿಗೆ ಮಾತ್ರ ಕಡ್ಡಾಯ ಅಂತ ನೀನು ಕಾನೂನು ಹೇಳಿದೆ. ನನ್ನ ಲೆಕ್ಕದಲ್ಲಿ ನೀನಿನ್ನೂ ಅಷ್ಟೇ, ಹಾಕಿಕೋ. ಏನೇ ಆದರೂ 112.

ಊಟದ್ದು. ಹಳ್ಳಿಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರ ಒಳಗೆ ತಿಂದರೆ ತಿಂದೆ. ಭಾನುವಾರ ಮಧ್ಯಾಹ್ನ, ಸೋಮವಾರ ಬಹಳ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಬ್ರೆಡ್ಡು, ಹಣ್ಣು ಇಟ್ಟುಕೋ. ಸೋಮೂರ್ ಕಡೆ ಫುವೆ ಅಂತ ಒಲೆಯಿಂದ ಬಿಸಿಬಿಸಿ ತೆಗೆದು ಸೀಳಿ ಕೊಡುವ ರೊಟ್ಟಿ ಸಿಗುತ್ತದೆ. ಬಿಳಿ ಬೀನ್ಸ್ ಕಾಳು, ಮೇಕೆ ಹಾಲಿನ ಚೀಸ್ ತುಂಬಿದ್ದು ಕೇಳು. ಹಂದಿ ಮಾಂಸದ್ದೂ ಇರುತ್ತದೆ, ಕೇಳದೆ ಬಾಯಿಗಿಡಬೇಡ. ಸೇಂಟ್ ಮೋರ್ ಚೀಸ್ ಒಳಗೆ ಉದ್ದಕ್ಕೂ ಒಂದು ಹುಲ್ಲುಕಡ್ಡಿ ಇರುತ್ತದಂತೆ. ಬೇಕೆಂದೇ ಇಟ್ಟಿದ್ದು, ಗಲೀಜು ಅಂತ ಎಸೆಯಬೇಡ.

ತರಕಾರಿಯವಳಿಗೆ, ಬ್ಯಾಂಕಿನಲ್ಲಿ, ಎದುರು ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ಎದುರು ಮನೆಯಾಕೆ "ಒಬ್ಬಳೇನಾ?" ಅಂತ ಮೂಗಿನ ಮೇಲೆ ಬೆರಳಿಟ್ಟಳು. "ಒಬ್ಬಳೇ. ಅದರಲ್ಲೇನಿದೆ, ನಾನೂ ಕಾಲೇಜಿಗೆ ಒಬ್ಬಳೇ ಸೈಕಲ್ ತುಳಿದಿದ್ದೇನೆ" ಅಂದೆ. ಭಾನುವಾರ ನೀನು ನನಗೆ ಹೇಳಿದ ಮಾತನ್ನೇ ಅವಳಿಗೆ ಹೇಳಿಬಿಟ್ಟೆ. ಅಪ್ಪ ಒಳಗಿನಿಂದ ಕೇಳಿಸಿಕೊಂಡರು.

ಕಾಂದ್ ಸೇಂ ಮಾರ್ತಾಂ ಅನ್ನೋ ಊರಿನಲ್ಲಿ ವಿಯೆನ್ ಹೊಳೆ ಬಂದು ಲ್ವಾರ್‌ಗೆ ಸೇರುತ್ತದೆ. ನಮ್ಮೂರಿನ ಹಾಗೆ ಅಲ್ಲೂ ಸಂಗಮ. ಮ್ಯಾಪಿನಲ್ಲಿ ಆ ಜಾಗ ನೋಡಿದಾಗ ಬೆರಳು ಅಲ್ಲೇ ನಿಂತಿತು. ಎರಡು ನೀರು ಸೇರುವ ಕಡೆ ತಳ ಯಾವತ್ತೂ ಸಮ ಇರುವುದಿಲ್ಲ. ಅಲ್ಲಿ ಮೇಲಿನಿಂದ ಎರಡೂ ಹೊಳೆ ಕಾಣುವ ಜಾಗವಿದೆಯಂತೆ. ಮೇಲೆ ಹತ್ತಿ ನೋಡು, ಎಷ್ಟು ಹೊತ್ತು ಬೇಕಾದರೂ ಕೂರು. ಕೆಳಗೆ ಸೈಕಲ್ ತೊಳೆಯಲು ಕೂಡ ಹೋಗಬೇಡ. ಧೂಳಿದ್ದರೆ ಇರಲಿ. ದಾರಿ ಉದ್ದಕ್ಕೂ ಏರಿ ಕಟ್ಟಿದ್ದಾರಲ್ಲ, ಆ ಏರಿ ಮೇಲೇ ಇರು. 1846, 1856, 1866, ಮೂರು ಸಲ ದೊಡ್ಡ ನೆರೆ ಬಂದ ಹೊಳೆ ಅದು. ಹಳೇ ಗೋಡೆಗಳ ಮೇಲೆ ನೀರು ಬಂದ ಎತ್ತರದ ಗುರುತು ಸಿಕ್ಕರೆ ಪಕ್ಕದಲ್ಲಿ ನಿಂತು ಒಂದು ಫೋಟೊ ತೆಗೆಸಿ ಕಳಿಸು. ಎಲ್ಲಿಗೆ ಬಂದಿತ್ತು, ನಿನ್ನ ಸೊಂಟಕ್ಕೋ ತಲೆಗೋ, ನೋಡಬೇಕು.

ಆಂಜೆ ತಲುಪುವ ಹೊತ್ತಿಗೆ ಸುಸ್ತಾದರೆ ನಾಂತ್‌ಗೆ ರೈಲಿದೆ, ಲೋಕಲ್ ರೈಲಿನಲ್ಲಿ ಸೈಕಲ್ ಹತ್ತಿಸಬಹುದು. ಹಾಗೆ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಅಪ್ಪ ಅಂದರೂ ಅಂದಾರು, ಅವರನ್ನು ನಾನು ನೋಡಿಕೊಳ್ಳುತ್ತೇನೆ. ನಿನ್ನ ಅಕೌಂಟಿಗೆ ಸ್ವಲ್ಪ ದುಡ್ಡು ಹಾಕಿಸಿದ್ದೇನೆ. ಮಳೆ ಹಿಡಿದರೆ ಟೆಂಟಿನಲ್ಲಿ ನೆನೆಯುತ್ತಾ ಮಲಗದೆ ರೂಮು ತೆಗೆದುಕೋ. ಸೈಕಲ್ಲಿಗೆ ಇನ್ನೊಂದು ಸಾಮಾನು ಕೊಳ್ಳಲು ಅಲ್ಲ ಅದು.

ಅಮ್ಮ