ಮುಳುಗಡೆ ಊರಿನವರ ನೋಟ್‌ಬುಕ್ ತುಂಬಿಸಿಕೊಟ್ಟ ಎಲ್ರಿಗೂ

ಹೋದ ಭಾನುವಾರ ನಮ್ಮ ಶಾಲೆ ಜಗಲಿ ಮೇಲೆ ಕೂತು, ಮುಳುಗಿ ಹೋದ ನಮ್ಮ ಊರಲ್ಲಿ ಇದ್ದೋರ ಬಗ್ಗೆ ಬರ್ಕೊಂಡ ನೋಟ್‌ಬುಕ್ ಪೂರ್ತಿ ಓದಿ ಮುಗಿಸಿದ್ವಿ. ಬೆಳಿಗ್ಗೆ ಹತ್ತೂವರೆಗೆ ಶುರು ಮಾಡಿದ್ದು, ಊಟಕ್ಕೆ ಒಂದ್ಸಲ ಎದ್ದು ಮತ್ತೆ ಕೂತು, ಮುಗಿಯುವಾಗ ಸಂಜೆ ಐದು ಗಂಟೆ. ವಯಸ್ಸಾದವ್ರೇ ಜಾಸ್ತಿ, ಮಂಡಿನೋವು ಸೊಂಟನೋವು ಇರೋರು, ಒಬ್ರೂ ಎದ್ದು ಹೋಗ್ಲಿಲ್ಲ. ಕೊನೇಲಿ ಎಲ್ರಿಗೂ ಥ್ಯಾಂಕ್ಸ್ ಹೇಳ್ಬೇಕು ಅಂತ ಚೀಟಿ ಬರ್ಕೊಂಡು ಜೇಬಲ್ಲಿ ಇಟ್ಕೊಂಡಿದ್ದೆ. ಆದ್ರೆ ಕೊನೇ ಪೇಜ್ ನಮ್ಮಮ್ಮ ಹೇಳಿ ಬರೆಸಿದ್ದು, ಅದನ್ನ ಓದ್ತಾ ಓದ್ತಾ ಗಂಟಲು ಕಟ್ಟಿ ಮಾತೇ ಹೊರಡ್ಲಿಲ್ಲ. ಅವತ್ತು ಹೇಳೋಕಾಗದೆ ಉಳಿದಿದ್ದನ್ನ ಇಲ್ಲಿ ಹೇಳ್ತಿದೀನಿ. ಉದ್ದ ಆಗುತ್ತೆ, ದಯವಿಟ್ಟು ಓದಿ.

ನಮ್ಮ ಕಡೆಯೋರಿಗೆ ಇದೆಲ್ಲ ಗೊತ್ತಿರೋದೇ, ಹೊರಗಿನವರಿಗೋಸ್ಕರ ಸ್ವಲ್ಪ ಹೇಳ್ತೀನಿ. ನಮ್ಮ ಹಳೇ ಊರು ಈಗ ಇಲ್ಲ. ಶರಾವತಿ ಹೊಳೆಗೆ ಲಿಂಗನಮಕ್ಕಿ ಡ್ಯಾಮ್ ಕಟ್ಟಿದ್ರಲ್ಲ, 1964ರಲ್ಲಿ ಅದು ಮುಗೀತು, ಹೊಳೆದಂಡೆ ಊರುಗಳು ಗದ್ದೆ ತೋಟ ದೇವಸ್ಥಾನದ ಸಮೇತ ನೀರಿಗೆ ಹೋದ್ವು. ಅದಕ್ಕೂ ಮುಂಚೆ ಇದೇ ಹೊಳೆಗೆ ಹಿರೇಭಾಸ್ಕರ ಡ್ಯಾಮ್ ಇತ್ತು, 1948ರದ್ದು, ಆ ಡ್ಯಾಮೇ ಆಮೇಲೆ ಲಿಂಗನಮಕ್ಕಿ ನೀರಲ್ಲಿ ಮುಳುಗಿ ಹೋಯ್ತು, ಬೇಸಿಗೆಲಿ ನೀರು ತುಂಬಾ ಇಳಿದ್ರೆ ಈಗ್ಲೂ ಕಾಣುತ್ತೆ. ನಮ್ಮ ಅಜ್ಜನ ತಂಗಿ ಮನೆಯೋರು ಹಂಗಾಗಿ ಎರಡು ಸಲ ಗಂಟುಮೂಟೆ ಕಟ್ಟಿದಾರೆ. ನಮ್ಮಲ್ಲಿ ಹಿರಿಯರು ಇಸವಿ ಹೇಳಲ್ಲ, "ಮುಳುಗಡೆಗೆ ಮುಂಚೆ", "ಮುಳುಗಡೆ ಆದ್ಮೇಲೆ" ಅಂತಾನೇ ಹೇಳೋದು. ಮಗು ಹುಟ್ಟಿದ್ದು, ಮದುವೆ ಆಗಿದ್ದು, ಎಮ್ಮೆ ತಂದಿದ್ದು, ಎಲ್ಲಾನೂ ಹಂಗೇ ಲೆಕ್ಕ. ಊರು ಬಿಟ್ಟೋರು ಸಾಗರ, ಹೊಸನಗರ, ಸೊರಬ, ಶಿವಮೊಗ್ಗ ಅಂತ ಎಲ್ಲೆಲ್ಲೋ ಚದುರಿ ಹೋದ್ರು, ಕಾಡು ತೋರ್ಸಿ ಇಲ್ಲೇ ಇರಿ ಅಂದ್ರು, ಆ ಜಾಗದ ಹಕ್ಕುಪತ್ರದ ವಿಚಾರ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ. ಅದು ದೊಡ್ಡ ಕಥೆ, ಇವತ್ತು ಅದಕ್ಕೆ ಹೋಗಲ್ಲ.

ನೋಟ್‌ಬುಕ್ ಶುರುವಾಗಿದ್ದು ಹಕ್ಕುಪತ್ರದಿಂದ್ಲೇ. 2018ರಲ್ಲಿ ಯಾವುದೋ ಅರ್ಜಿಗೆ ಹಳೇ ಊರಿನ ದಾಖಲೆ ಬೇಕು ಅಂದ್ರು, ಒಂದು ಕಚೇರಿಗೆ ಎಂಟು ತಿಂಗಳು ಅಲೆದು ನಾಲ್ಕು ಹಾಳೆ ಜೆರಾಕ್ಸ್ ಸಿಕ್ತು. ಸರ್ವೆ ನಂಬರು, ಎಕರೆ ಗುಂಟೆ, ಜಮೀನುದಾರರ ಹೆಸರು, ಪರಿಹಾರದ ಮೊತ್ತ. ಅಮ್ಮ ಕನ್ನಡಕ ಹಾಕ್ಕೊಂಡು ಮೇಲಿಂದ ಕೆಳಗೆ ಬೆರಳಿಟ್ಟು ಓದಿದ್ಲು, ಇನ್ನೊಂದ್ಸಲ ಓದಿದ್ಲು, ಆಮೇಲೆ ಕೇಳಿದ್ಲು, "ಇದ್ರಲ್ಲಿ ಸೂಲಗಿತ್ತಿ ಅಜ್ಜಿ ಎಲ್ಲಿ? ದೋಣಿ ಅಜ್ಜ ಎಲ್ಲಿ? ನಿಮ್ಮ ಅಜ್ಜನೇ ಇಲ್ವಲ್ಲೋ ಇದ್ರಲ್ಲಿ."

ಇರ್ಲಿಲ್ಲ. ನಮ್ಮಜ್ಜ ಗೇಣಿ ಮಾಡ್ತಿದ್ದೋರು, ಜಮೀನು ಅವ್ರ ಹೆಸರಲ್ಲಿ ಇರ್ಲೇ ಇಲ್ಲ. ನಮ್ಮ ಸೀಮೆಯ ಕಾಗೋಡಿನಲ್ಲೇ 1951ರಲ್ಲಿ ಗೇಣಿ ರೈತರು ಸತ್ಯಾಗ್ರಹ ಮಾಡಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವ್ರು ಬಂದು ಅರೆಸ್ಟ್ ಆಗಿದ್ದು ಎಲ್ಲ ಓದಿರ್ತೀರಿ. ಉಳುವವನೇ ಹೊಲದೊಡೆಯ ಅನ್ನೋ ಕಾನೂನು ಗಟ್ಟಿಯಾಗಿ ಬಂದಿದ್ದು 1974ಕ್ಕೆ. ಅಷ್ಟೊತ್ತಿಗೆ ನಮ್ಮಜ್ಜ ಉಳ್ತಿದ್ದ ಗದ್ದೆ ನೀರಡಿ ಹೋಗಿ ಹತ್ತು ವರ್ಷ. ಗೇಣಿದಾರರ ಕಥೆನೇ ಹಿಂಗಾದ್ರೆ ಇನ್ನು ಅಡಿಕೆ ಕೊನೆ ಇಳಿಸೋ ಕೊನೆಗಾರರು, ಕೂಲಿಯೋರು, ದನ ಕಾಯೋರು, ಬುಟ್ಟಿ ಹೆಣೆಯೋರು ಯಾವ ಕಾಗದದಲ್ಲಿ ಇರ್ತಾರೆ ಹೇಳಿ. ಅವತ್ತು ಸಂಜೆ ಅಮ್ಮ ನನ್ನ ಮಗಳ ಹಳೇ ನೋಟ್‌ಬುಕ್ ತಗೊಂಡು ಬಂದು ಮುಂದೆ ಇಟ್ಲು, "ಬರ್ಕೋ, ನಾನು ಹೇಳ್ತೀನಿ" ಅಂದ್ಲು. ಒಂದೇ ರಾತ್ರಿಗೆ ಮೂವತ್ತೊಂದು ಜನ.

ಹಂಗೆ ಶುರುವಾಗಿದ್ದು. ಅಮ್ಮ 2021ರಲ್ಲಿ ಹೋದ್ಲು, ಕೊರೊನಾ ಎರಡನೇ ಅಲೆಲಿ, ನಾವು ಮುಖಾನೂ ಸರಿಯಾಗಿ ನೋಡ್ಲಿಲ್ಲ. ಆಮೇಲೆ ಒಂದೂವರೆ ವರ್ಷ ನಾನು ಆ ನೋಟ್‌ಬುಕ್ ಮುಟ್ಟಲಿಲ್ಲ, ಕಪಾಟಿನ ಮೇಲೆ ಇತ್ತು, ಕಂಡ್ರೆ ಕಣ್ಣು ತಪ್ಪಿಸ್ತಿದ್ದೆ. ಮತ್ತೆ ಕೆಳಗೆ ಇಳಿಸಿದ್ದು ನನ್ನ ಹೆಂಡ್ತಿ, ಮೊದಲ ಥ್ಯಾಂಕ್ಸ್ ಅವಳಿಗೇ. ಏನೂ ಹೇಳ್ಲಿಲ್ಲ ಅವಳು, ಧೂಳು ಒರೆಸಿ, ಬೈಂಡ್ ಹಾಕಿ, ಒಂದು ಪೆನ್ ಸಿಕ್ಕಿಸಿ ಊಟದ ಪಕ್ಕ ಇಟ್ಲು ಅಷ್ಟೇ.

ಎರಡನೇದು ನಮ್ಮ ದೊಡ್ಡತ್ತೆಗೆ. ಎಂಬತ್ತನಾಲ್ಕು ವರ್ಷ. 2023ರಲ್ಲಿ ಮಳೆ ಕೈ ಕೊಡ್ತಲ್ಲ, ಮಾರನೇ ಬೇಸಿಗೆಲಿ ಹಿನ್ನೀರು ಸಿಕ್ಕಾಪಟ್ಟೆ ಇಳೀತು, ಡ್ಯಾಮ್ ತುಂಬಿದಾಗ ಸಮುದ್ರಮಟ್ಟದಿಂದ 1819 ಅಡಿವರೆಗೂ ನೀರು ನಿಲ್ಲೋ ಜಾಗ, ಎಲ್ಲಿ ನೋಡಿದ್ರೂ ಬರೀ ಒಡೆದ ಮಣ್ಣು, ಮರದ ಬುಡಗಳು ಕರ್ರಗೆ ಸಾಲಾಗಿ ನಿಂತಿದ್ವು. ಊರಿದ್ದ ಜಾಗ ಬಿಟ್ಕೊಂಡಿದೆ ಅಂತ ಯಾರೋ ಹೇಳಿದ್ರು. ದೊಡ್ಡತ್ತೆ ಹಠ ಹಿಡಿದ್ರು, ನಾನು ನೋಡ್ಬೇಕು ಅಂತ. ಆಗ ಇನ್ನೂ ಸೇತುವೆ ಆಗಿರ್ಲಿಲ್ಲ, ಹೊಳೆಬಾಗಿಲಲ್ಲಿ ಲಾಂಚೇ ಗತಿ. ಲಾಂಚಿನ ಹುಡುಗರು ಎರಡು ಜನ ಅವ್ರನ್ನ ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ಕೊಂಡು ಹೋಗಿ ಕೂರಿಸಿದ್ರು, ಆ ಕಡೆ ದಡದಲ್ಲಿ ನೀರು ಇಳಿದು ಇಳಿಜಾರು ಉದ್ದ ಆಗಿತ್ತು, ಅಷ್ಟೂ ದೂರ ಹೊತ್ಕೊಂಡೇ ಬಂದ್ರು. ತಮ್ಮಂದಿರಾ, ನಿಮ್ಮಿಬ್ರಿಗೂ ಹೆಂಗೆ ಥ್ಯಾಂಕ್ಸ್ ಹೇಳೋದು ಗೊತ್ತಾಗ್ತಿಲ್ಲ. ಈಗ ಸೇತುವೆ ಆಗಿದೆ, 2025ರ ಜುಲೈ 14ಕ್ಕೆ ಓಪನ್ ಆಯ್ತು, ಎರಡೂವರೆ ಕಿಲೋಮೀಟರ್ ಹತ್ರ ಹತ್ರ ಉದ್ದ, ಐದು ನಿಮಿಷದಲ್ಲಿ ದಾಟ್ತೀವಿ. ದಾಟುವಾಗೆಲ್ಲ ನಿಮ್ಮ ನೆನಪಾಗುತ್ತೆ.

ಅವತ್ತು ಆ ಬಯಲಲ್ಲಿ ನಮಗೆ ಯಾರಿಗೂ ದಿಕ್ಕೇ ತಿಳೀಲಿಲ್ಲ. ಕಲ್ಲುಗಳು ಬಿದ್ದಿದ್ವು, ಯಾವ ಮನೆದು ಅಂತ ಹೆಂಗೆ ಹೇಳೋದು. ದೊಡ್ಡತ್ತೆ ಒಂದು ಚಪ್ಪಡಿ ಹತ್ರ ಕುರ್ಚಿ ಇಳಿಸಿ ಅಂದ್ರು, ಬಗ್ಗಿ ಸೆರಗಿನ ತುದಿಲಿ ಮಣ್ಣು ಒರೆಸಿದ್ರು, ಒಣಗಿ ಹೆಕ್ಕಳಿಕೆ ಆಗಿದ್ದ ಕೆಸರನ್ನ ಬೆರಳಲ್ಲಿ ತೋಡಿ ತೋಡಿ ತೆಗೆದ್ರು. ಒಳಗಿಂದ ಒಂದೊಂದೇ ಗುಳಿ ಎದ್ದು ಬಂತು. ಈ ಸಾಲಲ್ಲಿ ಏಳು, ಆ ಸಾಲಲ್ಲಿ ಏಳು. ಚೆನ್ನೆಮಣೆ! ಜಗಲಿ ಕಲ್ಲಿನ ಮೇಲೆ ಆಡೋಕೆ ಅಂತ ಕೊರೆದಿದ್ದು. ಅದ್ರಲ್ಲಿ ಬಲಗಡೆ ಮೂರನೇ ಗುಳಿ ಮಾತ್ರ ಸೊಟ್ಟ, ಉಳಿದಿದ್ದಕ್ಕಿಂತ ದೊಡ್ಡದು. "ಇದು ಕೊರೆಯುವಾಗ ಉಳಿ ಜಾರಿತ್ತು, ಅಣ್ಣನ ಹೆಬ್ಬೆರಳು ಒಡೆದು ರಕ್ತ ಬಂದಿತ್ತು, ಅವ್ವ ಅರಿಶಿನ ಹಚ್ಚಿದ್ಲು" ಅಂದ್ರು. ಅಲ್ಲಿಂದ ಶುರುವಾಯ್ತು ನೋಡಿ. ಈ ಕಲ್ಲು ನಮ್ಮ ಜಗಲಿ ಅಂದ್ರೆ ಅಲ್ಲಿ ಅವ್ರ ಮನೆ, ಅದ್ರ ಪಕ್ಕ ಇವ್ರ ಮನೆ, ಅಲ್ಲಿ ಹಲಸಿನ ಮರ, ಅದ್ರ ಕೆಳಗೆ ಕಮ್ಮಾರನ ಕುಲುಮೆ, ಇಲ್ಲಿಂದ ಹೊಳೆಗೆ ಇಳಿಯೋ ದಾರಿ ಅಂತ, ಕುರ್ಚಿಲಿ ಕೂತ್ಕೊಂಡೇ ಕೈ ತೋರಿಸಿ ತೋರಿಸಿ ಇಡೀ ಊರು ನಿಲ್ಲಿಸಿಬಿಟ್ರು. ನಾನು ಬರ್ಕೊಳ್ತಾ ಹೋದೆ, ನನ್ನ ಮಗಳು ಮೊಬೈಲಲ್ಲಿ ರೆಕಾರ್ಡ್ ಮಾಡಿದ್ಲು, ಎರಡೂ ಮುಕ್ಕಾಲು ಗಂಟೆ. ನೋಟ್‌ಬುಕ್ಕಿನ ಅರ್ಧ ಆ ಒಂದು ದಿನದ್ದು.

ದೋಣಿ ಅಜ್ಜನ ಬಗ್ಗೆ ಹೇಳಿದೋರು ಎಷ್ಟು ಜನ ಅಂದ್ರೆ ಆರು ಪೇಜ್ ಆಗಿದೆ. ಶಾಲೆ ಮಕ್ಕಳ ಹತ್ರ ಕಾಸು ತಗೊಳ್ತಿರ್ಲಿಲ್ವಂತೆ, ಸುಗ್ಗಿ ಆದ್ಮೇಲೆ ಮನೆಮನೆಗೆ ಬಂದು ಭತ್ತ ಅಳೆಸ್ಕೊಂಡು ಹೋಗ್ತಿದ್ರಂತೆ, ಕೊಟ್ಟೋರ ಮನೇಲೂ ಅಷ್ಟೇ, ಕೊಡದೋರ ಮನೇಲೂ ಅಷ್ಟೇ, ಜಗಲಿಲಿ ಕೂತು ಒಂದು ಕವಳ, ಅಂದ್ರೆ ಎಲೆಅಡಿಕೆ, ಹಾಕದೆ ಎದ್ದು ಹೋಗ್ತಿರ್ಲಿಲ್ಲ. ಆಚೆ ದಡದಿಂದ ಕೂ ಹಾಕಿದ್ರೆ ದನಿ ಮೇಲೇ ಯಾರು ಅಂತ ಗುರುತು ಹಿಡೀತಿದ್ರು. ರಾತ್ರಿ ಹೆರಿಗೆ ನೋವು ಬಂದ ಮನೆಯೋರ ಕೂಗು ಬೇರೆ ಥರ ಇರುತ್ತೆ, ಅದು ಕೇಳಿದ್ರೆ ಕಂಬಳಿ ಕೊಪ್ಪೆನೂ ಹಾಕ್ಕೊಳ್ದೆ ಓಡ್ತಿದ್ರು ಅಂತ ಹೇಳಿದ್ದು ನಮ್ಮ ಕೊನೆಗಾರರ ಮಗ. ಅವ್ರಿಗೂ ಈಗ ಎಪ್ಪತ್ತೈದು. ಅವ್ರ ಅಪ್ಪ ಕಾಲಿಗೆ ತಳೆ ಹಾಕ್ಕೊಂಡು ಅಡಿಕೆ ಮರ ಹತ್ತಿದ್ರೆ ಮರದಿಂದ ಮರಕ್ಕೆ ಬಗ್ಗಿಸಿ ದಾಟ್ಕೊಂಡು ತೋಟದ ಆ ತುದಿಲೇ ಇಳೀತಿದ್ದಿದ್ದು. ಊರು ಬಿಡೋ ವರ್ಷ ಜಮೀನಿನ ಒಡೆಯರು ಈ ಸಲ ಕೊನೆ ತೆಗೆಯೋದು ಬೇಡ, ಹೆಂಗೂ ಮುಳುಗುತ್ತೆ ಅಂದ್ರಂತೆ. ಇವ್ರಪ್ಪ ಕೂಲಿ ಇಲ್ದೇನೇ ಹತ್ತಿ ಇಳಿಸಿದ್ರಂತೆ. ಹಣ್ಣಾದ ಕೊನೆ ಮರದಲ್ಲೇ ಬಿಟ್ಟು ಹೋದ್ರೆ ನಿದ್ದೆ ಹತ್ತಲ್ಲ ಅಂದಿದ್ರಂತೆ. ಕೊನೆಗಾರರ ಮಗ ಇದನ್ನ ಹೇಳಿ ಸುಮಾರು ಹೊತ್ತು ಸುಮ್ನೆ ಕೂತಿದ್ರು. ಅಣ್ಣಾ, ನೀವು ಮೊದಲ ಸಲ "ನಮ್ಮಪ್ಪಂದು ಏನು ಬರೀತೀಯ, ಬಿಡು" ಅಂದ್ರಿ. ಮೂರನೇ ಸಲ ಬಂದಾಗ ಕೂತು ಹೇಳಿದ್ರಿ. ಆ ಮೂರನೇ ಸಲಕ್ಕೆ ನಾನು ಋಣಿ.

ಭೂಮಿ ಹುಣ್ಣಿಮೆ ಹಬ್ಬಕ್ಕೆ ಬುಟ್ಟಿ ಮೇಲೆ ಚಿತ್ತಾರ ಬರೀತಿದ್ದ ಚಿಕ್ಕಜ್ಜಿ ಬಗ್ಗೆ ಹೇಳಿಕೊಟ್ಟ ನಾಲ್ಕೂ ಅಕ್ಕಂದಿರಿಗೆ ನಮಸ್ಕಾರ. ಅವ್ರು ಪುಂಡಿ ನಾರಿನ ಕುಂಚ ಯಾರಿಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ ಅಂತ ಇಬ್ರು, ಎಲ್ಲ ಹುಡುಗೀರಿಗೂ ಕೈ ಹಿಡಿದು ಕಲಿಸಿದ್ರು ಅಂತ ಇಬ್ರು. ಜಗಳ ಆಯ್ತು, ನಗಾಡಿದ್ವಿ, ಎರಡೂ ಬರ್ಕೊಂಡಿದೀನಿ. ಭಾನುವಾರ ನೀವು ಶಾಲೆ ಗೋಡೆಗೆ ಕೆಮ್ಮಣ್ಣು ಸಾರಿಸಿ ಅಕ್ಕಿ ಹಿಟ್ಟಿನ ಬಿಳಿಲಿ ಬರೆದ ಎಳೆಗಳು ಹಂಗೇ ಇವೆ, ಹೆಡ್‌ಮಾಸ್ಟರ್ ಅಳಿಸಲ್ಲ ಅಂದಿದಾರೆ.

ಹೆಡ್‌ಮಾಸ್ಟರಿಗೂ ಥ್ಯಾಂಕ್ಸ್, ಜಾಗ ಕೊಟ್ಟಿದ್ದಕ್ಕೆ ಮಾತ್ರ ಅಲ್ಲ, ಏಳನೇ ಕ್ಲಾಸಿನ ಮಕ್ಕಳ ಹತ್ರ ಓದಿಸೋಣ ಅಂದ್ರಲ್ಲ ಅದಕ್ಕೆ. ರಿಟೈರ್ಡ್ ಮೇಷ್ಟ್ರು ಒಬ್ರು ನನ್ನ ಕಾಗುಣಿತ ತಿದ್ದಿದ್ರು, ಆದ್ರೆ ಹಿರಿಯರ ಮಾತು ತಿದ್ದಲಿಲ್ಲ, ಅವ್ರು ಹೇಳಿದ ಹಂಗೇ ಇರ್ಲಿ ಅಂದ್ರು. ಸಾಗರದ ಜೆರಾಕ್ಸ್ ಅಂಗಡಿ ಅಣ್ಣ ಐವತ್ತು ಕಾಪಿಗೆ ದುಡ್ಡು ಮುಟ್ಟಲಿಲ್ಲ, ಅವ್ರ ತಾಯಿ ಕಡೆಯೋರೂ ಮುಳುಗಡೆಯೋರಂತೆ, ನನಗೆ ಅವತ್ತೇ ಗೊತ್ತಾಗಿದ್ದು. ಸ್ವಸಹಾಯ ಸಂಘದ ಅಕ್ಕಂದಿರು ನೂರಾ ಎಂಬತ್ತು ಜನಕ್ಕೆ ಅನ್ನ, ಸಾರು, ಅಪ್ಪೆಹುಳಿ, ಪಾಯಸ ಮಾಡಿ ತಾವು ಊಟ ಮಾಡಿದ್ದು ನಾಲ್ಕು ಗಂಟೆಗೆ. ಹಲ್ಲಿಲ್ದೋರಿಗೆ ಅಂತ ಬೇರೆ ಮೆತ್ತಗೆ ಅನ್ನ ಮಾಡಿದ್ರಲ್ಲ ಅಕ್ಕಾ, ಅದನ್ನ ನೋಡಿದೆ ನಾನು. ಬೆಂಗಳೂರಿಂದ ರಾತ್ರಿ ಬಸ್ಸಿಗೆ ಬಂದು ಬೆಳಿಗ್ಗೆ ಕುರ್ಚಿ ಜೋಡಿಸಿ ಮತ್ತೆ ರಾತ್ರಿ ಬಸ್ಸಿಗೇ ಹೋದ ಹುಡುಗರು, ನಿಮಗೂ.

ಇನ್ನೊಂದು ಹೇಳ್ಲೇಬೇಕು. ಒಡೆಯರ ಮನೆಯೋರ ಮೊಮ್ಮಗ ಒಬ್ರು ಬಂದಿದ್ರು, ಕರೆದಾಗ ಬರ್ತಾರೋ ಇಲ್ವೋ ಅನ್ನೋ ಅನುಮಾನ ಇತ್ತು ನನಗೆ. ಅವ್ರ ಅಜ್ಜನ ಕಾಲದ ಲೆಕ್ಕದ ಪುಸ್ತಕ ಬಟ್ಟೆಲಿ ಸುತ್ಕೊಂಡು ತಂದ್ರು. ಅದ್ರಲ್ಲಿ ಯಾರ್ಯಾರು ಯಾವ ದಿನ ಎಷ್ಟು ಆಳು ಬಂದಿದ್ರು ಅಂತ ಬರೆದಿತ್ತು, ಸರ್ಕಾರಿ ಕಾಗದದಲ್ಲಿ ಸಿಗದ ಹದಿನೇಳು ಹೆಸರು ಅಲ್ಲಿ ಸಿಕ್ತು. ಗೇಣಿ ಬಾಕಿನೂ ಬರೆದಿತ್ತು, ನಮ್ಮಜ್ಜನದ್ದೂ ಇತ್ತು. ಅವ್ರು ಆ ಪೇಜ್ ಮುಚ್ಚಿಡಲಿಲ್ಲ, ನನ್ನ ಕೈಗೇ ಕೊಟ್ರು. ನಮ್ಮಜ್ಜನ ಹೆಸರು ಮಸಿಲಿ ಬರೆದಿದ್ದು ನಾನು ನೋಡಿದ್ದು ಅದೇ ಮೊದಲು. ಸರ್, ಅದಕ್ಕೆ ತುಂಬಾ ಧೈರ್ಯ ಬೇಕು, ಧನ್ಯವಾದ.

ಸೂಲಗಿತ್ತಿ ಅಜ್ಜಿ ವಿಚಾರಕ್ಕೆ ಬರ್ತೀನಿ. ಅಮ್ಮ ಮೊದಲು ಕೇಳಿದ್ದೇ ಅವ್ರನ್ನ. ನಮ್ಮಪ್ಪಯ್ಯ, ದೊಡ್ಡತ್ತೆ, ಇಬ್ರನ್ನೂ ಹಿಡಿದಿದ್ದು ಅವ್ರೇ, ಊರಲ್ಲಿ ಆ ಕಾಲಕ್ಕೆ ಹುಟ್ಟಿದೋರೆಲ್ಲ ಅವ್ರ ಕೈಗೇ ಬಿದ್ದಿದ್ದು. ಮಗು ಅತ್ತ ಮೇಲೆ ಬಚ್ಚಲಿಗೆ ಹೋಗಿ ಸೀಗೆಪುಡಿಲಿ ಕೈ ತೊಳ್ಕೊಂಡು "ಒಂದು ಕವಳ ಕೊಡ್ರೇ" ಅಂತಿದ್ರಂತೆ, ಬೇರೇನೂ ಕೇಳ್ತಿರ್ಲಿಲ್ಲ. ಇಷ್ಟೆಲ್ಲ ಹೇಳೋರಿದ್ರು, ಆದ್ರೆ ಹೆಸರು ಒಬ್ರಿಗೂ ಗೊತ್ತಿಲ್ಲ. ಎಲ್ರಿಗೂ ಅವ್ರು ಸೂಲಗಿತ್ತಿ ಅಜ್ಜಿನೇ. ಊರು ಬಿಟ್ಟ ಮೇಲೆ ಎಲ್ಲಿಗೆ ಹೋದ್ರು ಅಂದ್ರೆ ಒಬ್ರು ಶೆಟ್ಟಿಹಳ್ಳಿ ಕಾಡಿನ ಕಡೆ ಅಂದ್ರು, ಒಬ್ರು ಸೊರಬ ಅಂದ್ರು. ಹೆಸರಿನ ಜಾಗ ಖಾಲಿ ಬಿಟ್ಟು ಗೆರೆ ಎಳೆದಿದ್ದೆ, ಭಾನುವಾರ ಓದುವಾಗ ಏಳನೇ ಕ್ಲಾಸಿನ ಹುಡುಗಿ ಅಲ್ಲಿಗೆ ಬಂದು ನಿಂತು "ಸರ್, ಇಲ್ಲಿ ಏನೂ ಬರೆದಿಲ್ಲ" ಅಂದ್ಲು.

ಮಂಗಳವಾರ ರಾತ್ರಿ ಫೋನ್ ಬಂತು. ಓದಿದ್ದರ ವಿಡಿಯೊ ಯಾರೋ ಗ್ರೂಪಿಗೆ ಹಾಕಿದ್ರಲ್ಲ, ಅದು ಕೈಯಿಂದ ಕೈಗೆ ಹೋಗಿ ಸೊರಬದ ಕಡೆ ಒಂದು ಮನೆಗೆ ಮುಟ್ಟಿದೆ. ಮಾತಾಡಿದ್ದು ಒಬ್ಬ ಹೆಂಗಸು, ಐವತ್ತರ ಮೇಲಿನ ದನಿ. "ಸೀಗೆಪುಡಿ, ಕವಳ ಅಂದ್ರಲ್ಲ, ಅದು ನಮ್ಮಜ್ಜಿ" ಅಂದ್ರು. ಹೆಸರು ಹೇಳಿದ್ರು. ನಾನು ಪೆನ್ ತಗೊಂಡು ಗೆರೆ ಮೇಲೆ ಬರೆಯೋಕೆ ಹೋದೆ, "ಬರೀಬೇಡಿ ಅಣ್ಣ, ಬರೋ ಭಾನುವಾರ ನಾನೇ ಬರ್ತೀನಿ, ನಮ್ಮಜ್ಜಿಗೆ ಓದು ಬರಹ ಬರ್ತಿರ್ಲಿಲ್ಲ, ಅವಳ ಹೆಸರು ನಾನು ಬರೀತೀನಿ" ಅಂದ್ರು.

ಹಾಗಾಗಿ ಬರೋ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಶಾಲೆಲಿ ಮತ್ತೆ ಸೇರೋಣ. ಸೂಲಗಿತ್ತಿ ಅಜ್ಜಿ ಕೈಗೆ ಹುಟ್ಟಿದೋರು ಯಾರಿದ್ರೂ ದಯವಿಟ್ಟು ಬನ್ನಿ. ದೊಡ್ಡತ್ತೆ ಆಗ್ಲೇ ಕವಳದ ತಟ್ಟೆ ತೊಳೆದಿಟ್ಟಿದಾರೆ.