ರಾಕ್ ಆಲ್ಬಮ್ಮನ್ನು ಇಡಿಯಾಗಿ ಕೇಳಿ ಆರಿಸಬೇಕು

ಮಾನ್ಯರೇ,

ಎಂಬತ್ತರ ದಶಕದ ರಾಕ್ ಸಂಗೀತದಲ್ಲಿ ಕೇಳಲೇಬೇಕಾದ ಆಲ್ಬಮ್‌ಗಳನ್ನು ಹೆಸರಿಸುವಾಗ ಜನಪ್ರಿಯವಾದ ಒಂದೆರಡು ಹಾಡುಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುವ ಪರಿಪಾಠ ಬೇಸರ ತರುತ್ತದೆ. ಮಾಟುಂಗಾದ ನಾವು ಕೆಲವು ಕನ್ನಡಿಗ ಗೆಳೆಯರು ಭಾನುವಾರ ಸಂಜೆ ಒಂದೊಂದು ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳಿ, ಆಮೇಲಷ್ಟೇ ಚರ್ಚೆಗೆ ಕೂರುತ್ತೇವೆ.

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕಾ’ವನ್ನು ಹೀಗೆ ಕೇಳಿದರೇ ಅದರ ಬೆಲೆ ತಿಳಿಯುವುದು. ತಮ್ಮ ತಂಡಕ್ಕೆ ಮಾದರಿಯಾಗಲೆಂದು ನ್ಯೂಜೆರ್ಸಿಯ ಮನೆಯಲ್ಲಿ ನಾಲ್ಕು ಟ್ರ್ಯಾಕಿನ (ನಾಲ್ಕು ಧ್ವನಿಗಳನ್ನು ಬೇರೆ ಬೇರೆಯಾಗಿ ಮುದ್ರಿಸಬಲ್ಲ) ಕ್ಯಾಸೆಟ್ ರೆಕಾರ್ಡರ್ ಇಟ್ಟುಕೊಂಡು ಅವರು ಒಬ್ಬರೇ ಹಾಡಿದ ಹಾಡುಗಳಿವು. ಸ್ಟುಡಿಯೋದಲ್ಲಿ ತಂಡದೊಡನೆ ಮತ್ತೆ ನುಡಿಸಿದಾಗ ಆ ಕಳೆ ಬಾರದ ಕಾರಣ ಕ್ಯಾಸೆಟ್ಟಿನ ಧ್ವನಿಮುದ್ರಣವನ್ನೇ ಬಿಡುಗಡೆ ಮಾಡಲಾಯಿತು. ಗಿಟಾರ್, ಹಾರ್ಮೋನಿಕಾ, ಹಿಂದೆ ಟೇಪಿನ ಸಣ್ಣ ಮೊರೆತ, ಇಷ್ಟರಲ್ಲೇ ಸೋತವರ ಬದುಕು ಕಣ್ಣಿಗೆ ಕಟ್ಟುತ್ತದೆ. ನನ್ನ ಮೊದಲ ಆಯ್ಕೆ ಇದೇ.

ಅಮೆರಿಕದ ಟಾಕಿಂಗ್ ಹೆಡ್ಸ್ ತಂಡದ 1980ರ ‘ರಿಮೇನ್ ಇನ್ ಲೈಟ್’, ನೈಜೀರಿಯಾದ ಸಂಗೀತಗಾರ ಫೆಲಾ ಕುಟಿಯವರ ಲಯದ ಪ್ರಭಾವದಿಂದಾಗಿ, ತಾಳ ಹಾಕುತ್ತಾ ಬೆಳೆದ ನಮ್ಮವರಿಗೆ ಬೇಗ ಒಲಿಯುತ್ತದೆ. 1980ರಲ್ಲಿ ಇದೇ ಮುಂಬಯಿಯ ರಂಗಭವನದಲ್ಲಿ ಹಾಡಿಹೋದ ‘ದಿ ಪೊಲೀಸ್’ ತಂಡದ ಮೇಲೆ ಈ ಊರಿನ ಹಳೆಯ ಕೇಳುಗರಿಗೆ ವಿಶೇಷ ಅಕ್ಕರೆ. ಆದರೂ ಆ ತಂಡದ 1983ರ ಆಲ್ಬಮ್ ‘ಸಿಂಕ್ರೊನಿಸಿಟಿ’ಯ ಗ್ರಾಮಫೋನ್ ತಟ್ಟೆಯ ಎರಡನೆಯ ಮಗ್ಗುಲಿನ ಗಟ್ಟಿತನ ಮೊದಲನೆಯದಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ. ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ನುಡಿಸುವ ಮೆಟಾಲಿಕಾ ತಂಡದ 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಕೇಳಲೇಬೇಕಾದದ್ದು ಎಂಬ ಬಗ್ಗೆ ನಮ್ಮಲ್ಲಿ ಭಿನ್ನಮತವೇ ಇಲ್ಲ.

ತಮ್ಮ ಭಾನುವಾರದ ಪುರವಣಿಯಲ್ಲಿ ವಾರಕ್ಕೊಂದು ಆಲ್ಬಮ್ಮನ್ನು ಹೀಗೆ ಇಡಿಯಾಗಿ ಪರಿಚಯಿಸುವ ಅಂಕಣವನ್ನು ಆರಂಭಿಸಬೇಕೆಂದು ಕೋರುತ್ತೇನೆ.

– ಓದುಗ, ಮಾಟುಂಗಾ, ಮುಂಬಯಿ